ಹವಳದ ಟ್ಯಾಂಕು: ಖಾಲಿ ಜಾಗಕ್ಕೂ ದುಡ್ಡು ಕೊಡಿ

ಮನೆಯ ಹಾಲಿನಲ್ಲಿ ಉಪ್ಪುನೀರಿನ ಟ್ಯಾಂಕು ಇಡಿಸಲು ಹೊರಟವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: ‘ಮೇಡಂ, ಇದರಲ್ಲಿ ಎಷ್ಟು ಪೀಸ್ ಹವಳ ಹಿಡಿಸುತ್ತೆ?’ ನಾಲ್ಕಡಿ ಉದ್ದದ ಟ್ಯಾಂಕಿಗೆ ಮೊದಲ ವರ್ಷ ಐದಾರು ಸಾಕು ಅಂದರೆ ಮುಖ ಸಪ್ಪಗಾಗುತ್ತದೆ. ಅಂಗಡಿಯವನು ಮೂವತ್ತು ಅಂದಿರುತ್ತಾನೆ. ಮೊಬೈಲಿನಲ್ಲಿ ಫೋಟೊ ಬೇರೆ ತೋರಿಸಿರುತ್ತಾನೆ. ಕಲ್ಲು ಕಾಣದ ಹಾಗೆ ಹಸಿರು, ನೇರಳೆ, ಕಿತ್ತಳೆ ಬಣ್ಣ. ನಡುವೆ ಎರಡು ಕ್ಲೌನ್ ಮೀನು. ಆ ಫೋಟೊ ತೆಗೆದದ್ದು ಹವಳ ಅಂಟಿಸಿದ ದಿನ. ವರ್ಷ ಕಳೆದ ಮೇಲೆ ಅದೇ ಟ್ಯಾಂಕು ಹೇಗಿದೆ ಎಂದು ಯಾರೂ ತೋರಿಸುವುದಿಲ್ಲ.

ನನ್ನ ವಾದ ಇಷ್ಟೇ. ಮೊದಲ ದಿನವೇ ತುಂಬಿ ಕಾಣುವ ಹವಳದ ಟ್ಯಾಂಕು ಕೆಟ್ಟ ಕೆಲಸ. ಅದರಲ್ಲಿ ಅರ್ಧದಷ್ಟು ಹವಳ ಉಳಿಯುವುದಿಲ್ಲ, ಉಳಿಯುವ ಹಾಗೆ ಅದನ್ನು ಕಟ್ಟಿಯೂ ಇರುವುದಿಲ್ಲ. ಸತ್ತದ್ದರ ಜಾಗಕ್ಕೆ ಇನ್ನೊಂದು ಬರುತ್ತದೆ. ಮನೆಯವರ ಜೇಬು ಹಗುರಾಗುತ್ತದೆ, ಎಲ್ಲೋ ಒಂದು ಸಮುದ್ರದಿಂದ ಇನ್ನೊಂದು ತುಂಡು ಕೀಳಲಾಗುತ್ತದೆ. ಹವಳ ಇಡುವ ಕೆಲಸದಲ್ಲಿ ಬೆಲೆ ಇರಬೇಕಾದದ್ದು ಹವಳದ ತುಂಡಿಗಿಂತ ಹೆಚ್ಚಾಗಿ ಎರಡು ತುಂಡುಗಳ ನಡುವೆ ಬಿಟ್ಟ ಜಾಗಕ್ಕೆ. ಈ ಮಾತನ್ನು ಗಿರಾಕಿಗೆ ಹೇಳುವ ಧೈರ್ಯ ನಮ್ಮ ವ್ಯಾಪಾರದಲ್ಲಿ ಕಡಿಮೆ.

ನಾನು ಹೊನ್ನಾವರದ ಕಡೆಯವಳು. ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರ ಓದಿ, ಹೊಟ್ಟೆಪಾಡಿಗೆ ಬೆಂಗಳೂರಿಗೆ ಬಂದೆ. ಅಪಾರ್ಟ್‌ಮೆಂಟುಗಳಲ್ಲಿ, ಹಲ್ಲಿನ ಡಾಕ್ಟರರ ಕ್ಲಿನಿಕ್ಕುಗಳಲ್ಲಿ ಟ್ಯಾಂಕು ಕಟ್ಟುವುದು, ವಾರಕ್ಕೊಮ್ಮೆ ಹೋಗಿ ನೀರು ಬದಲಾಯಿಸುವುದು ನನ್ನ ಕೆಲಸ. ಜೊತೆಗೆ ಒಬ್ಬ ಹುಡುಗ ಇದ್ದಾನೆ, ‘ಅಕ್ಕಾ’ ಎನ್ನುತ್ತಲೇ ನನಗಿಂತ ಚೆನ್ನಾಗಿ ಪೈಪ್ ಜೋಡಿಸುತ್ತಾನೆ. ಹಾಗಾಗಿ ಇಲ್ಲಿ ಹೇಳುತ್ತಿರುವುದು ಹೊರಗೆ ನಿಂತವರ ಟೀಕೆಯಲ್ಲ. ಇದೇ ಅನ್ನ ತಿನ್ನುವವಳ ಮಾತು.

ಹವಳ ಗಿಡದಂತೆ ಕಂಡರೂ ಪ್ರಾಣಿ. ಪಾಲಿಪ್ ಎಂಬ ಚಿಕ್ಕ ಜೀವಿಗಳ ಕೂಟ. ಒಂದೊಂದಕ್ಕೂ ಒಂದು ಬಾಯಿ, ಸುತ್ತ ಕುಟುಕುವ ಎಳೆಗಳು. ಟ್ಯಾಂಕಿಗೆ ಬರುವ ಹವಳಗಳಲ್ಲಿ ಹೆಚ್ಚಿನವುಗಳ ಮೈಯೊಳಗೆ ಪಾಚಿಯ ಕಣಗಳು ವಾಸವಾಗಿರುತ್ತವೆ. ಅವು ಬೆಳಕಿನಿಂದ ಆಹಾರ ಮಾಡಿ ಬಹುಪಾಲನ್ನು ಹವಳಕ್ಕೆ ಕೊಡುತ್ತವೆ. ಮೀನಿಗೆ ಜಾಗ ಹಿಡಿಸದಿದ್ದರೆ ಈಜಿ ಇನ್ನೊಂದು ಮೂಲೆಗೆ ಹೋಗುತ್ತದೆ. ಹವಳಕ್ಕೆ ಆ ಭಾಗ್ಯವಿಲ್ಲ. ನಾವು ಅಂಟಿಸಿದ ಕಡೆಯೇ ಅದರ ಬೆಳಕು, ಅದರ ನೀರಿನ ಸೆಳೆತ, ಅದರ ನೆರೆಹೊರೆ. ತೆಂಗಿನ ಸಸಿ ಮೊಣಕಾಲೆತ್ತರ ಇದೆಯೆಂದು ನಮ್ಮೂರಲ್ಲಿ ಯಾರೂ ಎರಡಡಿಗೊಂದು ನೆಡುವುದಿಲ್ಲ. 25 ಅಡಿ ಬಿಟ್ಟೇ ಗುಂಡಿ ತೋಡುತ್ತಾರೆ. ಗರಿ ಎಲ್ಲಿಯವರೆಗೆ ಚಾಚುತ್ತದೆ ಎಂಬ ಲೆಕ್ಕ ನೆಡುವವನ ತಲೆಯಲ್ಲಿರುತ್ತದೆ. ಹವಳ ಕೊಳ್ಳುವಾಗ ಆ ಲೆಕ್ಕ ಎಲ್ಲಿ ಹೋಗುತ್ತದೋ ಗೊತ್ತಿಲ್ಲ.

ಯಾವುದನ್ನು ಎಲ್ಲಿಡಬೇಕು ಎನ್ನುವ ಮೊದಲು ಯಾವುದನ್ನು ಇಡಲೇಬಾರದು ಎಂಬುದನ್ನು ಹೇಳಿಬಿಡಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿಗೆ 2001ರಲ್ಲಿ ಹವಳಗಳೂ ಸೇರಿದವು. ದಿಬ್ಬ ಕಟ್ಟುವ ಎಲ್ಲ ಕಲ್ಲು ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಬೀಸಣಿಗೆಯ ಹಾಗೆ ಹರಡುವ ಸೀ ಫ್ಯಾನ್ ಇವೆಲ್ಲ ಆ ಪಟ್ಟಿಯಲ್ಲಿವೆ. ಅಂದರೆ ಹುಲಿ, ಆನೆ ಇರುವ ಪಟ್ಟಿಯಲ್ಲೇ. ನಮ್ಮ ಸಮುದ್ರದಿಂದ ಇವನ್ನು ಕಿತ್ತು ಮಾರಿದರೆ ಕನಿಷ್ಠ 3 ವರ್ಷದಿಂದ 7 ವರ್ಷದವರೆಗೆ ಜೈಲು. ಕಲ್ಲು ಹವಳಗಳು ಸೈಟಿಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಎರಡನೇ ಅನುಬಂಧದಲ್ಲೂ ಇವೆ. ಪರವಾನಗಿ ಇಲ್ಲದೆ ಗಡಿ ದಾಟುವಂತಿಲ್ಲ. ‘ಇಂಡೋನೇಷ್ಯಾ ಮಾಲು ಮೇಡಂ’ ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಕಾಗದ ಬೇಕು.

ಅಲಂಕಾರದ ಕಲ್ಲಿನ ವಿಷಯದಲ್ಲೂ ಇದೇ ಎಚ್ಚರ. ‘ಲೈವ್ ರಾಕ್’ ಹೆಸರಿನಲ್ಲಿ ಗೋಣಿಚೀಲದಲ್ಲಿ ಬರುವುದರಲ್ಲಿ ಸತ್ತ ಹವಳದ ಅಸ್ಥಿಪಂಜರವೂ ಇರುತ್ತದೆ. ಸತ್ತದ್ದಾದರೂ ಕಾಯ್ದೆಯ ಕಣ್ಣಿಗೆ ಅದು ಹವಳವೇ. ಮನ್ನಾರ್ ಕೊಲ್ಲಿಯಲ್ಲಿ ತೂತ್ತುಕುಡಿಯ ಆಚೆಯ ದಿಬ್ಬಗಳನ್ನು ಸುಣ್ಣಕ್ಕೆ, ಕಟ್ಟಡಕ್ಕೆ ದಶಕಗಳ ಕಾಲ ಒಡೆದು ಸಾಗಿಸಿದ್ದನ್ನು ಓದಿದವಳು ನಾನು. ಅದೇ ಕಲ್ಲನ್ನು ಸರ್ಜಾಪುರ ರಸ್ತೆಯ ಫ್ಲ್ಯಾಟಿನಲ್ಲಿ ಜೋಡಿಸಲು ನನ್ನ ಕೈ ಬರುವುದಿಲ್ಲ. ಸೆರಾಮಿಕ್‌ನಲ್ಲಿ ಮಾಡಿದ ಕಲ್ಲು ಸಿಗುತ್ತದೆ, ಬೆಲೆ ಜಾಸ್ತಿ, ಕೆಲಸ ಮಾತ್ರ ಅದೇ. ಕಾಯ್ದೆ ಹೀಗಿರುವುದರಿಂದ ನನ್ನ ಟ್ಯಾಂಕುಗಳಲ್ಲಿ ಕಲ್ಲು ಹವಳ ಇಲ್ಲ. ಆಮದಿನ ಕಾಗದ ಇರುವ ಮೆದು ಹವಳಗಳು, ಅಂದರೆ ಅಂಗಡಿಯ ಭಾಷೆಯಲ್ಲಿ ಲೆದರ್, ಕ್ಸೀನಿಯಾ, ಕೀನ್ಯಾ ಟ್ರೀ, ಮತ್ತು ಅವುಗಳ ನೆಂಟರಾದ ಜೋವಾ, ಮಶ್ರೂಮ್ ಇಷ್ಟೇ.

ಮೆದು ಹವಳ ತಾನೇ, ಎಲ್ಲಿಟ್ಟರೂ ನಡೆಯುತ್ತದೆ ಎನ್ನುವವರಿದ್ದಾರೆ. ಅವರಿಗೆ ಹವಳಗಳ ಜಗಳದ ಕಥೆ ಹೇಳಬೇಕು.

1970ರ ದಶಕದ ಆರಂಭದಲ್ಲಿ ಜೂಡಿತ್ ಲ್ಯಾಂಗ್ ಎಂಬ ವಿಜ್ಞಾನಿ ಜಮೈಕಾದಲ್ಲಿ ಕಲ್ಲು ಹವಳಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಪಕ್ಕದವನು ತೀರ ಹತ್ತಿರ ಬಂದರೆ ಹವಳ ತನ್ನ ಹೊಟ್ಟೆಯೊಳಗಿನ ಜೀರ್ಣಕ ಎಳೆಗಳನ್ನೇ ಹೊರಗೆ ಚಾಚಿ, ನೆರೆಯವನ ಮಾಂಸವನ್ನು ಅಲ್ಲೇ ಕರಗಿಸಿಬಿಡುತ್ತದೆ. ಯಾರು ಯಾರನ್ನು ಸೋಲಿಸುತ್ತಾರೆ ಎಂಬುದಕ್ಕೂ ಒಂದು ಶ್ರೇಣಿ ಇದೆ ಎಂದು ಅವರು ತೋರಿಸಿಕೊಟ್ಟರು. ನಿಧಾನವಾಗಿ ಬೆಳೆಯುವ ಹವಳಗಳು ಈ ಜಗಳದಲ್ಲಿ ಜೋರು. ಬೇಗ ಬೆಳೆಯುವವು ಬೇರೆ ದಾರಿ ಹಿಡಿಯುತ್ತವೆ. ಮೇಲಕ್ಕೆ ಹಬ್ಬಿ ಕೆಳಗಿನವನ ಬೆಳಕು ತಿನ್ನುತ್ತವೆ. ಇನ್ನು ಕೆಲವು ರಾತ್ರಿ ಹೊತ್ತು ಉದ್ದನೆಯ ಕುಟುಕು ಎಳೆಗಳನ್ನು ಬಿಡುತ್ತವೆ. ಗ್ಯಾಲಾಕ್ಸಿಯಾ ಎಂಬ ಹವಳದ ಎಳೆ ಒಂದಡಿಯವರೆಗೂ ಹೋಗುತ್ತದೆ. ಹಗಲಲ್ಲಿ ನೋಡಿದರೆ ಮುಷ್ಟಿಗಾತ್ರದ ಸಾಧು.

ಮೆದು ಹವಳಕ್ಕೆ ಇಂಥ ಬಲವಾದ ಕುಟುಕು ಇಲ್ಲ. ಅದರ ಬದಲು ಅದು ನೀರಿಗೆ ವಿಷ ಬಿಡುತ್ತದೆ. 1983ರಲ್ಲಿ ಸಮ್ಮಾರ್ಕೊ, ಕೋಲ್ ಮತ್ತು ಸಂಗಡಿಗರು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಮೆದು ಹವಳಗಳನ್ನು ತಂದು ಕಲ್ಲು ಹವಳಗಳ ಪಕ್ಕಕ್ಕಿಟ್ಟು ನೋಡಿದ ಪ್ರಯೋಗ ಪ್ರಕಟವಾಯಿತು. ಮೈ ತಾಗದಿದ್ದರೂ ಕಲ್ಲು ಹವಳಗಳ ಬೆಳವಣಿಗೆ ಕುಂಠಿತವಾಯಿತು, ಕೆಲವು ಸತ್ತೇಹೋದವು. ಅದು ತೆರೆದ ಸಮುದ್ರದಲ್ಲಿ, ಉಬ್ಬರ ಇಳಿತಗಳು ವಿಷವನ್ನು ತೊಳೆದುಕೊಂಡು ಹೋಗುವ ಕಡೆಯ ಮಾತು. ಮನೆಯ ಟ್ಯಾಂಕಿನಲ್ಲಿ ಅದೇ ನಾನೂರು ಚಿಲ್ಲರೆ ಲೀಟರ್ ನೀರು ಸುತ್ತಿ ಸುತ್ತಿ ಬರುತ್ತಿರುತ್ತದೆ. ಇದ್ದಿಲಿನ ಫಿಲ್ಟರ್ ಸ್ವಲ್ಪ ಹೀರುತ್ತದೆ, ವಾರದ ನೀರು ಬದಲಾವಣೆ ಸ್ವಲ್ಪ ತೆಗೆಯುತ್ತದೆ. ಮೂವತ್ತು ಜನ ವಿಷ ಬಿಡುವ ಕಡೆ ಇದ್ದಿಲು ಎಷ್ಟು ಹೀರೀತು?

ಮಶ್ರೂಮ್ ಇನ್ನೂ ಕಿಲಾಡಿ. ಅಣಬೆಯ ಹಾಗೆ ಚಪ್ಪಟೆ, ನೋಡಲು ಬಡಪಾಯಿ. ರೋಡಾಕ್ಟಿಸ್ ಎಂಬ ಜಾತಿಯನ್ನು ಕೆಂಪು ಸಮುದ್ರದ ಐಲಾತ್ ತೀರದಲ್ಲಿ ಅಭ್ಯಾಸ ಮಾಡಿದವರು 1999ರಲ್ಲಿ ಬರೆದಿದ್ದಾರೆ: ಕಲ್ಲು ಹವಳ ತಾಗಿದ ಕಡೆ ಇದರ ಅಂಚಿನ ಎಳೆಗಳು ಗುಂಡಗೆ ಊದಿಕೊಂಡು ಆಯುಧವಾಗುತ್ತವೆ, ನೆರೆಯವನನ್ನು ಸುಟ್ಟು ಆ ಜಾಗವನ್ನು ಆಕ್ರಮಿಸುತ್ತವೆ. ಅಂಗಡಿಯಲ್ಲಿ ‘ಬಿಗಿನರ್ಸ್‌ಗೆ ಒಳ್ಳೇದು, ಸಾಯೋದೇ ಇಲ್ಲ’ ಎಂದು ಕೊಡುವುದು ಇದನ್ನೇ. ಸಾಯುವುದಿಲ್ಲ ನಿಜ. ಪಕ್ಕದವು ಸಾಯುತ್ತವೆ.

ಇಷ್ಟು ತಿಳಿದ ಮೇಲೆ ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಟ್ಯಾಂಕೊಂದನ್ನು ನಾನು ಹೇಗೆ ಕಟ್ಟುತ್ತೇನೆ ಎಂದು ಹೇಳುತ್ತೇನೆ. ಕೆಲಸ ಶುರುವಾಗುವುದು ನೀರು ತುಂಬುವ ಮೊದಲು. ಕಲ್ಲನ್ನು ನೇರ ಟ್ಯಾಂಕಿನ ತಳದ ಮೇಲೆ ಕೂರಿಸಿ ಆಮೇಲೆ ಮರಳು ಹಾಕುತ್ತೇವೆ. ಮರಳಿನ ಮೇಲೆ ಕಲ್ಲಿಟ್ಟರೆ ಬಿಲ ತೋಡುವ ಮೀನು ಒಂದು ದಿನ ಇಡೀ ಗುಡ್ಡವನ್ನೇ ಉರುಳಿಸುತ್ತದೆ. ಹಿಂದಿನ ಗಾಜಿಗೆ ಗೋಡೆ ಕಟ್ಟಿದ ಹಾಗೆ ಕಲ್ಲು ಪೇರಿಸುವುದು ಹಳೆಯ ರೂಢಿ, ನನಗೆ ಒಗ್ಗದು. ಎರಡು ಗುಡ್ಡ, ಒಂದು ದೊಡ್ಡದು, ಒಂದು ಸಣ್ಣದು. ನಡುವೆ ಮರಳಿನ ಓಣಿ. ಯಾವ ಗುಡ್ಡವೂ ನೀರಿನ ಎತ್ತರದ ಅರ್ಧ ದಾಟಬಾರದು, ಮೇಲಿನ ಅರ್ಧ ಹವಳ ಬೆಳೆಯಲು. ನಾಲ್ಕೂ ಕಡೆ ಗಾಜಿಗೂ ಕಲ್ಲಿಗೂ ನಡುವೆ ಅಂಗೈ ಅಗಲ ಬಿಡುತ್ತೇನೆ. ಪಾಚಿ ಉಜ್ಜುವ ಮ್ಯಾಗ್ನೆಟ್ ಓಡಾಡಬೇಕಲ್ಲ.

ಆಮೇಲೆ ಹಳೆಯ ಪತ್ರಿಕೆ ಮತ್ತು ಕತ್ತರಿ. ಇಡಬೇಕೆಂದಿರುವ ಪ್ರತಿ ಹವಳಕ್ಕೂ ಒಂದೊಂದು ವೃತ್ತ ಕತ್ತರಿಸುತ್ತೇವೆ. ಇಂದಿನ ಅಳತೆಗಲ್ಲ, ಎರಡು ವರ್ಷದ ನಂತರದ ಅಳತೆಗೆ. ಟೋಡ್‌ಸ್ಟೂಲ್ ಲೆದರ್ ಅಂಗಡಿಯಿಂದ ಬರುವಾಗ ಎರಡು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಿರುತ್ತದೆ. ಅದರ ಕಾಗದ ಒಂದಡಿ ಅಗಲ. ಅದರ ಸುತ್ತ ನಾಲ್ಕಿಂಚಿನ ಇನ್ನೊಂದು ಬಳೆ, ಅದು ಯಾರೂ ಬರಬಾರದ ಜಾಗ. ಒಣ ಕಲ್ಲಿನ ಮೇಲೆ ಈ ಕಾಗದಗಳನ್ನು ಹಾಸಿ ನೋಡಿದರೆ ಐದನೆಯದಕ್ಕೇ ಜಾಗ ಮುಗಿದಿರುತ್ತದೆ. ಒಂದು ಮನೆಯಲ್ಲಿ ಇದನ್ನು ನೋಡುತ್ತಾ ಸೋಫಾದ ಮೇಲೆ ಕೂತಿದ್ದ ಅಜ್ಜಿ ಕೇಳಿಯೇಬಿಟ್ಟರು: ‘ಏನಮ್ಮಾ, ನಮ್ಮ ಮಗ ಇಷ್ಟು ದುಡ್ಡು ಕೊಟ್ಟಿದ್ದು ಪೇಪರ್ ಕತ್ತರಿಸೋಕಾ?’ ಹೌದಮ್ಮ, ಅದಕ್ಕೇ ಅಂದೆ. ಅವರ ಮಗ ನಕ್ಕರು. ಆದರೆ ಆ ಕಾಗದಗಳನ್ನು ಹಾಗೇ ಬಿಟ್ಟು ಫೋಟೊ ತೆಗೆದುಕೊಂಡರು, ಮೂವತ್ತರ ಪಟ್ಟಿಯನ್ನು ತಾವೇ ಏಳಕ್ಕೆ ಇಳಿಸಿದರು. ನಾನು ಅರ್ಧ ಗಂಟೆ ಮಾತಾಡಿದ್ದರೂ ಆಗುತ್ತಿರಲಿಲ್ಲ.

ಮುಂದಿನದು ಬೆಳಕು. ಹವಳಕ್ಕೆ ಬೀಳುವ ಬೆಳಕನ್ನು ಅಳೆಯುವ ಪಾರ್ ಮೀಟರ್ ಇದೆ. ಮನೆಯವರು ಕೊಳ್ಳಬೇಕಾಗಿಲ್ಲ, ಟ್ಯಾಂಕು ಕಟ್ಟುವವರ ಬಳಿ ಇರಲೇಬೇಕು. ಮೆದು ಹವಳಗಳಿಗೆ ಸಾಮಾನ್ಯವಾಗಿ 50ರಿಂದ 150 ಪಾರ್ ಸಾಕು; ಕವಲೊಡೆಯುವ ಕಲ್ಲು ಹವಳಗಳಿಗೆ 200ರ ಮೇಲೆ ಬೇಕಾಗುತ್ತದೆ. ಒಂದೇ ಟ್ಯಾಂಕಿನಲ್ಲಿ ದೀಪದ ಕೆಳಗೆ, ಗುಡ್ಡದ ತುದಿಯಲ್ಲಿ ಅಳತೆ ಒಂದು; ಮೂಲೆಯ ಮರಳಿನ ಮೇಲೆ ಅದರ ಕಾಲು ಭಾಗವೂ ಇಲ್ಲ. ಹೊರಗಿನ ಗಾಜಿನ ಮೇಲೆ ಮಾರ್ಕರ್ ಪೆನ್ನಿನಿಂದ ಚೌಕ ಎಳೆದು, ಒಂದೊಂದರಲ್ಲೂ ಅಳತೆಯನ್ನು ಬರೆದುಕೊಳ್ಳುತ್ತೇವೆ. ಮಶ್ರೂಮ್‌ಗೆ ಕಡಿಮೆ ಸಂಖ್ಯೆಯ ಚೌಕ, ಲೆದರ್‌ಗೆ ಹೆಚ್ಚಿನದು. ಹೊಸದಾಗಿ ತಂದದ್ದನ್ನು ನೇರ ಮೇಲಕ್ಕೆ ಏರಿಸಬಾರದು. ಸಾಗಣೆಯ ಕತ್ತಲ ಪೆಟ್ಟಿಗೆಯಿಂದ ಬಂದ ಹವಳದ ಮೇಲೆ ಒಮ್ಮೆಗೇ ಜೋರು ಬೆಳಕು ಬಿದ್ದರೆ ಅದು ಮೈಯೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಮೊದಲು ಮರಳಿನ ಮೇಲೆ, ವಾರಗಳ ಮೇಲೆ ಒಂದೊಂದೇ ಮೆಟ್ಟಿಲು ಮೇಲಕ್ಕೆ. ಇದಕ್ಕೂ ಖಾಲಿ ಜಾಗವೇ ಬೇಕು.

ನೀರಿನ ಸೆಳೆತವನ್ನು ಅಳೆಯಲು ಯಂತ್ರ ಬೇಡ. ಅಲೆ ಎಬ್ಬಿಸುವ ವೇವ್‌ಮೇಕರ್ ಓಡಿಸಿ, ಮೀನಿನ ಪುಡಿಯನ್ನು ಒಂದು ಚಿಟಿಕೆ ಬಿಟ್ಟು, ಕಣ್ಣು ಗಾಜಿಗಿಟ್ಟು ಕೂತರೆ ಸಾಕು. ಪುಡಿ ಎಲ್ಲಿ ಸುಳಿಯುತ್ತದೆ, ಎಲ್ಲಿ ನಿಂತು ಕೆಳಗಿಳಿಯುತ್ತದೆ ಎಂದು ಐದು ನಿಮಿಷದಲ್ಲಿ ಕಾಣುತ್ತದೆ. ಪುಡಿ ಬಂದು ಬೀಳುವ ಕಡೆ ಕಸವೂ ಬೀಳುತ್ತದೆ, ಅಲ್ಲಿ ಹವಳ ಇಡಬಾರದು. ಲೆದರ್‌ಗೆ ಒಳ್ಳೆಯ ಸೆಳೆತ ಬೇಕು. ಅದು ಆಗಾಗ ಮುದುಡಿಕೊಂಡು, ಮೈಮೇಲೆ ಮೇಣದಂಥ ಪೊರೆ ಕಟ್ಟಿಕೊಂಡು, ಕೆಲವು ದಿನ ಬಿಟ್ಟು ಆ ಪೊರೆಯನ್ನು ಕಳಚುತ್ತದೆ. ‘ಮೇಡಂ, ಸತ್ತೋಯ್ತು’ ಎಂದು ಫೋನ್ ಬರುವುದು ಆ ದಿನಗಳಲ್ಲೇ. ಸೆಳೆತ ಇದ್ದರೆ ಪೊರೆ ತೇಲಿಹೋಗುತ್ತದೆ, ಹವಳ ಮತ್ತೆ ಅರಳುತ್ತದೆ. ಸುತ್ತ ಒತ್ತೊತ್ತಾಗಿ ಬೇರೆ ಹವಳಗಳಿದ್ದರೆ ಆ ಪೊರೆ ಅವುಗಳ ಮೇಲೆ ಹೋಗಿ ಕೂರುತ್ತದೆ. ಆಗ ನಿಜವಾಗಿಯೂ ಒಂದು ಸಾಯುತ್ತದೆ, ಆದರೆ ಬೇರೊಂದು.

ಸೆಳೆತ ಯಾವ ದಿಕ್ಕಿಗೆ ಎನ್ನುವುದೂ ನಕ್ಷೆಯಲ್ಲಿ ಇರಬೇಕು. ಕೀನ್ಯಾ ಟ್ರೀ ತನ್ನ ರೆಂಬೆಯ ತುಂಡುಗಳನ್ನು ತಾನೇ ಉದುರಿಸುತ್ತದೆ, ಅವು ಬಿದ್ದ ಕಡೆ ಬೇರೂರುತ್ತವೆ. ಅದನ್ನು ಪಂಪಿನ ಬಾಯಿಯ ಹತ್ತಿರ ಇಟ್ಟರೆ ಇಡೀ ಟ್ಯಾಂಕಿಗೆ ಅದೇ. ಸೆಳೆತದ ಕೊನೆಯಲ್ಲಿ, ಕೊಳವೆಗೆ ಹೋಗುವ ಮೂಲೆಯಲ್ಲಿ ಅದರ ಜಾಗ. ಕ್ಸೀನಿಯಾ ಕೈ ಮುಚ್ಚಿ ತೆರೆದು ಮಾಡುವುದನ್ನು ಮಕ್ಕಳು ಗಂಟೆಗಟ್ಟಲೆ ನೋಡುತ್ತಾರೆ, ಆದರೆ ಅದು ಕಲ್ಲಿನಿಂದ ಕಲ್ಲಿಗೆ ಹರಿದುಕೊಂಡು ಹೋಗುವ ಜಾತಿ. ಅದಕ್ಕೆ ಸುತ್ತ ಮರಳಿರುವ ಒಂಟಿ ಕಲ್ಲು, ಗುಡ್ಡದಿಂದ ಒಂದು ಗೇಣು ದೂರ. ಜೋವಾಗಳಿಗೂ ಅದೇ ನ್ಯಾಯ.

ಜೋವಾ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಪ್ಯಾಲಿಟಾಕ್ಸಿನ್ ಎಂಬ ವಿಷವನ್ನು 1971ರಲ್ಲಿ ಹವಾಯಿಯಲ್ಲಿ ಮೂರ್ ಮತ್ತು ಶೋಯರ್ ಬೇರ್ಪಡಿಸಿದ್ದು ಈ ಗುಂಪಿನ ಪ್ಯಾಲಿಥೋವಾದಿಂದಲೇ. ನಮಗೆ ಗೊತ್ತಿರುವ ಅತಿ ಘೋರ ವಿಷಗಳಲ್ಲಿ ಅದೂ ಒಂದು. ಇವು ಅಂಟಿದ ಕಲ್ಲನ್ನು ಕುದಿಯುವ ನೀರಿಗೆ ಹಾಕಿ, ಆವಿ ಕುಡಿದು, ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಬೇರೆ ದೇಶಗಳಲ್ಲಿ ದಾಖಲಾಗಿವೆ. ಕತ್ತರಿಸುವಾಗ, ಕೆರೆಯುವಾಗ ಕೈಗವಸು, ಕನ್ನಡಕ ಇಲ್ಲದೆ ನಮ್ಮ ಹುಡುಗನನ್ನು ನಾನು ಟ್ಯಾಂಕಿನ ಹತ್ತಿರ ಬಿಡುವುದಿಲ್ಲ. ತುಂಬಿದ ಟ್ಯಾಂಕಿನಲ್ಲಿ ಕತ್ತರಿಸುವ, ಕೆರೆಯುವ ಕೆಲಸ ತಿಂಗಳಿಗೊಮ್ಮೆ ಬರುತ್ತದೆ. ಜಾಗ ಬಿಟ್ಟ ಟ್ಯಾಂಕಿನಲ್ಲಿ ಬರುವುದೇ ಅಪರೂಪ. ಮಕ್ಕಳಿರುವ ಮನೆಯವರು ಈ ಒಂದು ಕಾರಣಕ್ಕಾದರೂ ಒತ್ತೊತ್ತಾಗಿ ಇಡುವುದನ್ನು ಬಿಡಬೇಕು.

ಉಳಿದ ವಿಷಯ ಬೇಗ ಮುಗಿಸುತ್ತೇನೆ. ಬೋರ್‌ವೆಲ್ ನೀರಾಗಲಿ ಕಾವೇರಿ ನೀರಾಗಲಿ ನೇರ ಹಾಕುವಂತಿಲ್ಲ. ಆರ್‌ಓ ಮಾಡಿ, ಉಳಿದ ಲವಣವನ್ನೂ ತೆಗೆದು, ಆಮೇಲೆ ಸಮುದ್ರದ ಉಪ್ಪು ಬೆರೆಸಬೇಕು. ಉಪ್ಪು ಸಾವಿರಕ್ಕೆ 35 ಭಾಗ, ಉಷ್ಣತೆ 25 ಡಿಗ್ರಿಯ ಆಸುಪಾಸು. ಏಪ್ರಿಲ್ ಮೇ ತಿಂಗಳಲ್ಲಿ ಬೆಂಗಳೂರಿನಲ್ಲೂ ನೀರು ತಂಪಾಗಿಡುವ ಚಿಲ್ಲರ್ ಬೇಕು, ಕರೆಂಟ್ ಹೋದರೆ ವೇವ್‌ಮೇಕರ್ ಒಂದಾದರೂ ಯುಪಿಎಸ್‌ನಲ್ಲಿ ಓಡಬೇಕು. ಒತ್ತೊತ್ತಾಗಿ ತುಂಬಿದ ಟ್ಯಾಂಕಿನಲ್ಲಿ ಪ್ರಾಣವಾಯು ಬೇಗ ಮುಗಿಯುತ್ತದೆ ಎಂಬುದನ್ನು ಇಲ್ಲಿಯೂ ನೆನಪಿಡಬೇಕು.

ಹೀಗೆ ಜಾಗ ಬಿಡುವುದಕ್ಕೆ ಗಿರಾಕಿಗಳ ಕಡೆಯಿಂದ ಬರುವ ಆಕ್ಷೇಪ ಸಣ್ಣದೇನಲ್ಲ. ಲಕ್ಷಗಟ್ಟಲೆ ಸುರಿದು ಬೋಳು ಕಲ್ಲು ನೋಡುತ್ತಾ ಕೂರಬೇಕೇ? ಗೃಹಪ್ರವೇಶಕ್ಕೆ ನೆಂಟರು ಬಂದಾಗ ಏನು ತೋರಿಸುವುದು? ನ್ಯಾಯವೇ. ಆದರೆ ಕಲ್ಲು ಬೋಳಾಗಿ ಉಳಿಯುವುದಿಲ್ಲ. ನೀರು ಸರಿಯಾಗಿದ್ದರೆ ಕೆಲವು ತಿಂಗಳಲ್ಲಿ ಅದರ ಮೇಲೆ ನೇರಳೆ, ಗುಲಾಬಿ ಬಣ್ಣದ ಸುಣ್ಣದ ಪಾಚಿ ಹಬ್ಬುತ್ತದೆ. ಸಂದಿಯಲ್ಲಿ ಪುಟ್ಟ ಬೀಸಣಿಗೆ ಹುಳುಗಳು ಕಾಣಿಸಿಕೊಳ್ಳುತ್ತವೆ. ಗಾಜಿನ ಮೇಲೆ ಸಾಸಿವೆಗಿಂತ ಚಿಕ್ಕ ಕೋಪೆಪಾಡ್‌ಗಳು ಓಡಾಡುತ್ತವೆ, ಮೀನು ಅವನ್ನು ಹುಡುಕಿ ಹುಡುಕಿ ತಿನ್ನುತ್ತದೆ. ಖಾಲಿ ಎಂದು ನಾವು ಕರೆಯುವ ಜಾಗದಲ್ಲೇ ಟ್ಯಾಂಕಿನ ಅರ್ಧ ಜೀವನ ನಡೆಯುವುದು. ಮೀನಿಗೂ ಈಜಲು ಓಣಿ ಬೇಕಲ್ಲವೇ?

ಅಂಗಡಿಯವರ ಆಕ್ಷೇಪ ಬೇರೆ. ‘ಈಗ ತುಂಬಿಸಿ, ಬೆಳೆದಾಗ ಕತ್ತರಿಸಿ ಬೇರೆಯವರಿಗೆ ಕೊಡಬಹುದಲ್ಲ’ ಎನ್ನುತ್ತಾರೆ. ಕತ್ತರಿಸಿ ಹಂಚುವುದು ಈ ಹವ್ಯಾಸದ ಒಳ್ಳೆಯ ಸಂಪ್ರದಾಯವೇ. ಬರ್ಲಿನ್ನಿನ ಡೀಟ್ರಿಶ್ ಸ್ಟ್ಯೂಬರ್ ತಮ್ಮ ಮನೆಯ ಟ್ಯಾಂಕಿನಲ್ಲಿ ಬೆಳೆಸಿದ ಅಕ್ರೊಪೋರಾ ಹವಳವನ್ನು ತುಂಡು ಮಾಡಿ ಗೆಳೆಯರಿಗೆ ಕೊಟ್ಟದ್ದು, ಅವರ ಗೆಳೆಯರ ಮೂಲಕ ಯುರೋಪಿನ ಟ್ಯಾಂಕುಗಳಿಗೆಲ್ಲ ಹಬ್ಬಿದ್ದು ಹವ್ಯಾಸಿಗಳಿಗೆ ಗೊತ್ತಿರುವ ಕಥೆ. ಆದರೆ ಅದು ತಾನೇ ಕೈ ಅದ್ದಿ ಕೆಲಸ ಮಾಡುವವನ ಮಾತು. ನಮ್ಮ ಗಿರಾಕಿ ಬೆಳಿಗ್ಗೆ ಎಂಟಕ್ಕೆ ಆಫೀಸಿಗೆ ಹೋಗಿ ರಾತ್ರಿ ಒಂಬತ್ತಕ್ಕೆ ಬರುವವರು. ಲೆದರ್ ಕತ್ತರಿಸಿದರೆ ಅದು ಲೋಳೆಯನ್ನೂ ವಿಷವನ್ನೂ ಒಟ್ಟಿಗೆ ಬಿಡುತ್ತದೆ. ಯಾರು ಅಂದು ನೀರು ಬದಲಾಯಿಸುತ್ತಾರೆ? ಮುಂದೆ ಕತ್ತರಿಸುತ್ತೇವೆ ಎಂಬ ಮಾತಿನ ಮೇಲೆ ಇಂದು ತುಂಬಿಸುವುದು ಮಾರುವವನಿಗೆ ಮಾತ್ರ ಅನುಕೂಲ.

ಆ ಅನುಕೂಲದ ಬೆಲೆ ಬೀಳುವುದು ಈಗಾಗಲೇ ಬಳಲಿರುವ ಸಮುದ್ರದ ಮೇಲೆ. ನೀರು ಬಿಸಿಯಾಗಿ ಲಕ್ಷದ್ವೀಪದ ಹವಳ ದಿಬ್ಬಗಳು 1998, 2010, 2016ರಲ್ಲಿ ಬಿಳಿಚಿಕೊಂಡವು, 2024ರಲ್ಲಿ ಮತ್ತೆ. ಅದೇ ವರ್ಷದ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಜಗತ್ತಿನಾದ್ಯಂತ ನಾಲ್ಕನೇ ಬಾರಿ ಹವಳ ಬಿಳಿಚುವಿಕೆ ನಡೆಯುತ್ತಿದೆ ಎಂದು ಘೋಷಿಸಿದರು. ನಮ್ಮ ಮುರ್ಡೇಶ್ವರದಾಚೆಯ ನೇತ್ರಾಣಿಯಲ್ಲೂ ಹವಳಗಳಿವೆ, ಡೈವಿಂಗ್‌ಗೆ ಜನ ದೋಣಿ ತುಂಬ ಹೋಗುತ್ತಾರೆ. ನೀರು ಬಿಸಿಯಾಗುವುದನ್ನು ನಾನಾಗಲಿ ನೀವಾಗಲಿ ಒಬ್ಬರೇ ತಡೆಯಲಾರೆವು. ಸಾಯುವುದಕ್ಕೆಂದೇ ಕೊಳ್ಳುವ ಇಪ್ಪತ್ತೈದು ತುಂಡುಗಳನ್ನು ಕೊಳ್ಳದೇ ಇರುವುದು ಮಾತ್ರ ನಮ್ಮ ಕೈಯಲ್ಲೇ ಇದೆ.

ಹಾಗೆಂದು ಮನೆಯ ಟ್ಯಾಂಕೇ ಪಾಪ ಎನ್ನುವವಳು ನಾನಲ್ಲ. ಜಕಾರ್ತದ ಲೀ ಚಿನ್ ಎಂಗ್ ಜೀವಂತ ಕಲ್ಲು ಮತ್ತು ಗಾಳಿಯ ಗುಳ್ಳೆ ಬಿಟ್ಟರೆ ಹೆಚ್ಚೇನೂ ಇಲ್ಲದೆ ಹವಳ ಸಾಕಬಹುದು ಎಂದು 1961ರಲ್ಲಿ ಬರೆದಾಗ ಅದು ಒಬ್ಬ ಹವ್ಯಾಸಿಯ ಪ್ರಯೋಗ. ಅಂಥ ಹವ್ಯಾಸಿಗಳ ಅನುಭವದ ಮೇಲೆಯೇ ದೊಡ್ಡ ಅಕ್ವೇರಿಯಮ್ಮುಗಳ ಕೆಲಸ ಬೆಳೆಯಿತು. ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂನಲ್ಲಿ 2012ರಲ್ಲಿ ಶುರುವಾದ ಯೋಜನೆ, ಸೂರ್ಯ ಚಂದ್ರರ ಬೆಳಕನ್ನೂ ಋತುಗಳ ಉಷ್ಣತೆಯನ್ನೂ ಟ್ಯಾಂಕಿನಲ್ಲೇ ಅನುಕರಿಸಿ ಹವಳಗಳು ಮೊಟ್ಟೆ ಬಿಡುವಂತೆ ಮಾಡಿತು. ಅದೇ ವಿಧಾನದ ನೆರವಿನಿಂದ 2019ರಲ್ಲಿ ಫ್ಲಾರಿಡಾ ಅಕ್ವೇರಿಯಂ ಅಳಿವಿನಂಚಿನ ಪಿಲ್ಲರ್ ಹವಳವನ್ನು ಟ್ಯಾಂಕಿನಲ್ಲಿ ಸಂತಾನಕ್ಕೆ ತಂದಿತು. ಗಾಜಿನ ಪೆಟ್ಟಿಗೆಯಲ್ಲಿ ಹವಳ ಬದುಕಬಲ್ಲದು, ಹೆಚ್ಚಲೂಬಲ್ಲದು. ಅದಕ್ಕೆ ಹೊಂದುವ ಜಾಗ ಕೊಟ್ಟರೆ.

ನಮ್ಮಲ್ಲಿ ಇದಕ್ಕೆ ಎರಡು ಕೆಲಸ ಆಗಬೇಕು. ಒಂದು, ಅಂಗಡಿಯಲ್ಲಿ ಹವಳದ ಪ್ರತಿ ತುಂಡಿನ ಜೊತೆಗೂ ಒಂದು ಚೀಟಿ ಇರಬೇಕು: ಹೆಸರು, ಎಲ್ಲಿಂದ ಬಂತು, ಕಾಗದ ಇದೆಯೇ, ಬೆಳೆದಾಗ ಎಷ್ಟು ದೊಡ್ಡದು, ಪಕ್ಕದವರನ್ನು ಕುಟುಕುತ್ತದೆಯೇ. ಔಷಧಿಯ ಡಬ್ಬಿಯ ಮೇಲೆ ಬರೆಯುತ್ತೇವಲ್ಲ, ಪ್ರಾಣಿಯ ಬಗ್ಗೆ ಬರೆಯಲು ಏನು ಅಡ್ಡಿ? ಇನ್ನೊಂದು ಸರ್ಕಾರದ ಕಡೆಯಿಂದ. ಸಮುದ್ರದಿಂದ ಕಿತ್ತ ಹವಳದ ಮೇಲಿನ ನಿಷೇಧ ಹಾಗೇ ಬಿಗಿಯಾಗಿರಲಿ. ಟ್ಯಾಂಕಿನಲ್ಲೇ ಬೆಳೆಸಿದ ಹವಳಕ್ಕೆ ಮಾತ್ರ ನೋಂದಣಿಯ ಸ್ಪಷ್ಟ ದಾರಿ ಇರಲಿ. ಕ್ಲೌನ್ ಮೀನನ್ನು ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಹ್ಯಾಚರಿಯಲ್ಲಿ ಮರಿ ಮಾಡಿಸಿ ತೋರಿಸಿದೆ. ಹವಳಕ್ಕೂ ಅಂಥ ಕೆಲಸ ಬೇಕು. ದಾರಿ ಇಲ್ಲದ ಕಡೆ ಕಳ್ಳದಾರಿಯೇ ರಸ್ತೆಯಾಗುತ್ತದೆ. ಈ ಊರಿನ ಎಷ್ಟೋ ಗಾಜಿನ ತೊಟ್ಟಿಗಳ ಹಿಂದೆ ಅದೇ ನಡೆಯುತ್ತಿದೆ ಎಂದು ನಾವೆಲ್ಲ ಬಲ್ಲೆವು.

ಅವೆಲ್ಲ ಆಗುವವರೆಗೆ ಗಿರಾಕಿಯ ಕೈಯಲ್ಲಿರುವ ಅಸ್ತ್ರ ಮುಂಗಡದ ಹಣ. ಅದನ್ನು ಕೊಡುವ ಮೊದಲು ಟ್ಯಾಂಕು ಕಟ್ಟುವವರ ಬಳಿ ಎರಡು ನಕ್ಷೆ ಕೇಳಿ: ಇಂದು ಹವಳ ಎಲ್ಲೆಲ್ಲಿ ಕೂರುತ್ತದೆ ಎಂಬುದೊಂದು, ಎರಡು ವರ್ಷದ ಮೇಲೆ ಅವು ಎಲ್ಲಿಯವರೆಗೆ ಬಂದಿರುತ್ತವೆ ಎಂಬುದೊಂದು. ನಕ್ಷೆ ಬಿಡಿಸಲು ಪ್ರತ್ಯೇಕ ಹಣ ಕೇಳಿದರೆ ಚೌಕಾಸಿ ಮಾಡದೆ ಕೊಡಿ, ನೀವು ಕೊಡುವ ಅತಿ ಅಗ್ಗದ ಹಣ ಅದೇ. ಎರಡನೇ ನಕ್ಷೆ ಬಿಡಿಸಲು ಬಾರದವರಿಗೆ ಮೊದಲನೇ ಕೆಲಸವನ್ನೂ ಕೊಡಬೇಡಿ. ಅಷ್ಟು ದಿನ ಕಾಯಲು ಆಗದು ಅನಿಸಿದರೆ ಸಿಹಿನೀರಿನ ಟ್ಯಾಂಕು ಇಡಿಸಿ. ಗಿಡ ಹಾಕಿದರೆ ಎರಡು ತಿಂಗಳಲ್ಲಿ ಹಸಿರಾಗುತ್ತದೆ, ಖರ್ಚೂ ಕಡಿಮೆ. ಅದನ್ನೂ ನಾನು ಕಟ್ಟಿಕೊಡುತ್ತೇನೆ.